ಕಲ್ಲೂರು ಮೀನಿನ ಮದುವೆ ಕರೆ

ನನ್ನ ಮೇಲೆ ಎಪ್ಪತ್ತು ಸಾವಿರ ಹೆಣ್ಣು ಮೀನುಗಳಿಗೆ ಒಂದೇ ಸಂಜೆ ಪ್ರೇಮ ಹುಟ್ಟಿತು. ಎಣಿಸಿದವನು ನಾನೇ. ಮುಂದಿನ ಸಾಲಿನವು ಹೊಳೆದಂಡೆ ಹತ್ತಿ ನಮ್ಮ ಮನೆಯ ಜಗಲಿಯವರೆಗೂ ಬಂದು, ಒದ್ದೆ ಬಾಲ ಒರೆಸಿಕೊಂಡು, "ಭೋಜರಾಜ ಮರಕಾಲರು ಇದ್ದಾರೆಯೇ?" ಎಂದು ಕೇಳಿದವು. ನನಗೆ ಮದುವೆಯಾಗಿದೆಯೆಂದು ತಿಳಿದು ಅರ್ಧದಷ್ಟು ಅಲ್ಲೇ ಎದೆಯೊಡೆದು ಸತ್ತವು. ಉಳಿದವನ್ನು ನನ್ನ ಹೆಂಡತಿ ಸುಗಂಧಿ ಹಿಡಿಸೂಡಿಯಲ್ಲಿ ಗುಡಿಸಿ ಹೊಳೆಗೆ ದಬ್ಬಿದಳು. ನಂಬದವರು ಇಲ್ಲಿಗೇ ಎದ್ದು ಹೋಗಬಹುದು. ನಿಮ್ಮಂಥವರಿಂದಲೇ ಈ ನಾಡಿನಲ್ಲಿ ವಿಜ್ಞಾನ ಕುಂಟುತ್ತಿರುವುದು.

ಹೋಗದೆ ಕುಳಿತವರಿಗಾಗಿ ಮೊದಲಿನಿಂದ ಹೇಳುತ್ತೇನೆ.

ಕಲ್ಲೂರು ಎಂಬ ಮೀನಿದೆ. ತಲೆಯೊಳಗೆ ಎರಡು ಬಿಳಿ ಕಲ್ಲುಗಳಿರುತ್ತವೆ, ಅದರ ಕಿವಿಯೇ ಆ ಕಲ್ಲು. ಹೊಟ್ಟೆಯೊಳಗೆ ಒಂದು ಗಾಳಿಚೀಲ. ಆ ಚೀಲದ ಎರಡೂ ಬದಿಗೆ ಕೆಂಪು ಸ್ನಾಯುಗಳು. ಗಂಡು ಕಲ್ಲೂರಿಗೆ ಮದುವೆಯ ಕಾಲ ಬಂತೆಂದರೆ ಸಂಜೆಯ ಉಬ್ಬರದಲ್ಲಿ ಹೊಳೆಬಾಯಿಗೆ ಬಂದು ಆ ಸ್ನಾಯುಗಳಿಂದ ಚೀಲವನ್ನು ಚೆಂಡೆಯ ಹಾಗೆ ಬಡಿಯುತ್ತದೆ. ಗುರ್, ಗುರ್, ಗುರ್. ಹೆಣ್ಣುಗಳು ದೂರದ ಕಡಲಿನಲ್ಲಿ ಅದನ್ನು ಕೇಳುತ್ತವೆ. ನೀರಿನಲ್ಲಿ ಸದ್ದಿಗೆ ಗಾಳಿಯಲ್ಲಿರುವುದಕ್ಕಿಂತ ನಾಲ್ಕು ಪಟ್ಟು ವೇಗ. ಯಾರ ಬಡಿತ ಗಟ್ಟಿ ಎಂದು ನೋಡಿ ಅವನ ಬಳಿಗೆ ಹೋಗುತ್ತವೆ. ನಮ್ಮಲ್ಲಿ ಜಾತಕ ನೋಡುವುದಕ್ಕಿಂತ ಇದು ಎಷ್ಟೋ ವಾಸಿ. ದೀಪಾವಳಿಗೆ ಶುರುವಾಗುವ ಈ ಗದ್ದಲ ಸಂಕ್ರಾಂತಿಗೆ ಮುಗಿಯುತ್ತದೆ. ಅಷ್ಟರಲ್ಲಿ ಹೊಳೆಬಾಯಿಯಲ್ಲಿ ಮೊಟ್ಟೆ ಬೀಳದಿದ್ದರೆ ಮರುವರ್ಷ ಮೀನಿಲ್ಲ.

ನಾನು ಹೇಳುತ್ತಿರುವುದು ಕಡಲು ಬರಿದಾದ ಮೇಲಿನ ಕಾಲ. ಬೂತಾಯಿ ಮೀನು ಹೋಗಿ ಒಂಬತ್ತು ವರ್ಷ, ಬಂಗುಡೆ ಹೋಗಿ ಏಳು. ದೂರದ ನೀರನ್ನೆಲ್ಲ ಕಾರ್ಖಾನೆಯಷ್ಟು ದೊಡ್ಡ ಹಡಗುಗಳಿಗೆ ಬಿಟ್ಟುಕೊಟ್ಟು, ಹೊಳೆಬಾಯಿಗಳನ್ನು ಮಾತ್ರ ಆಯಾ ಊರಿಗೆ ಉಳಿಸಿದ್ದರು. ಮರಳುಕೋಡಿ ಎಂಬ ನಮ್ಮೂರಿನ ಇನ್ನೂರು ಮನೆಗಳಿಗೆ ಉಳಿದದ್ದು ಒಂದು ಹೊಳೆಬಾಯಿ, ಒಂದು ಜಾತಿಯ ಮೀನು. ಮತ್ತೆ ನನ್ನ ಅತ್ತೆ.

ಸುಗಂಧಿಯ ತಾಯಿ, ಅಕ್ಕಣಿ ಎಂದು ಹೆಸರು. ನಾವಿದ್ದದ್ದು ಅವರ ಮನೆಯಲ್ಲೇ. ಎಪ್ಪತ್ತೊಂದು ವರ್ಷ. ಹುಲಿಗೆ ಸೀರೆ ಉಡಿಸಿ ವೀಳ್ಯ ಹಾಕಲು ಕೊಟ್ಟರೆ ಅತ್ತೆ. ಅವರ ಬೈಗುಳಕ್ಕೆ ತೆಂಗಿನ ಮರದಿಂದ ಎಳನೀರು ತಾನಾಗಿ ಉದುರುತ್ತಿತ್ತು, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಊರಿಗೆ ಅವರು ಕಿವಿ. ಸಂಜೆ ಪಾತಿದೋಣಿ ಎಂಬ ಪುಟ್ಟ ದೋಣಿಯಲ್ಲಿ ಹೊಳೆಬಾಯಿಗೆ ಹೋಗಿ, ಹುಟ್ಟನ್ನು ನೀರಿಗಿಳಿಸಿ, ಅದರ ಹಿಡಿಗೆ ಕಿವಿಯಾನಿಸಿ ಕೂರುವರು. ಮರದೊಳಗೆ ಹತ್ತಿ ಬರುವ ಬಡಿತ ಕೇಳಿದ ದಿನ ಯಾರೂ ಬಲೆ ಹಾಕುವಂತಿಲ್ಲ. ಆ ದಿನ ಮದುವೆಮನೆ. ಆಮೇಲೆ ಅವರು ಹೇಳಿದ ದಿನ, ಹೇಳಿದ ಜಾಗದಲ್ಲಿ ಬಲೆ. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಇವರಿಗೆ ಬಂದ ಕೆಲಸ. ಮಗ ದೂಮಣ್ಣ ಮೀನುಗಾರರ ಸಂಘದ ಅಧ್ಯಕ್ಷನಾಗಿದ್ದರೂ ಬಲೆ ಬೀಳುತ್ತಿದ್ದುದು ತಾಯಿಯ ಕಿವಿಯಿಂದ.

ಒಬ್ಬ ಮುದುಕಿಯ ಕಿವಿಯನ್ನು ನಂಬಿಕೊಂಡು ಒಂದು ಊರು! ನಾನು ಎಂಥ ಮನುಷ್ಯ? ಧ್ವನಿ ವಿಜ್ಞಾನದಲ್ಲಿ ನನ್ನನ್ನು ಮೀರಿಸುವವರು ಭೂಮಿಯ ಈ ಅರ್ಧದಲ್ಲಿ ಇರಲಿಲ್ಲ, ಆ ಅರ್ಧದವರು ನನಗೆ ಹೆದರಿ ಸುಮ್ಮನಿದ್ದರು. ಪಕ್ಕದೂರಿನಲ್ಲಿ ಸೊಳ್ಳೆ ಆಕಳಿಸಿದರೆ ನನಗೆ ಎಚ್ಚರವಾಗುತ್ತಿತ್ತು. ನಾನು ಕಂಡುಹಿಡಿದದ್ದು ಸ್ವರಬಲೆ. ಹೊಳೆಯ ಬಡಗಣ ಕಲ್ಲುಗೋಡೆಯಿಂದ ತೆಂಕಣ ಮರಳದಿಬ್ಬದವರೆಗೆ ನಲವತ್ತು ಬಿದಿರ ಗೂಟ, ಪ್ರತಿ ಗೂಟಕ್ಕೆ ನೀರೊಳಗೆ ಒಂದು ಸ್ಪೀಕರ್. ಗಂಡು ಕಲ್ಲೂರಿನ ಕರೆಯನ್ನು ಕಂಪ್ಯೂಟರಿಗೆ ಕಲಿಸಿದರೆ ಅದು ಸಾವಿರ ಗಂಡುಗಳ ಮೇಳ ಕಟ್ಟಿ ಹಾಡುತ್ತದೆ. ಕಡಲಿನ ಹೆಣ್ಣು ಮೀನುಗಳೆಲ್ಲ ಬೇರೆ ಹೊಳೆ ಬಿಟ್ಟು ನಮ್ಮಲ್ಲಿಗೇ ಬರಬೇಕು, ಅವುಗಳ ಹಿಂದೆ ಗಂಡುಗಳು. ಕಾದಿದ್ದು ಬಲೆ ಹಾಕಿ ಸುತ್ತುಗಟ್ಟಿದರಾಯಿತು.

"ಇದಕ್ಕೆ ಮೂಲ ಕರೆ ಬೇಕಲ್ಲ?" ಎಂದು ಸಂಘದ ಸಭೆಯಲ್ಲಿ ದೂಮಣ್ಣ ಕೇಳಿದ.

ಹಿಂದಿನ ವರ್ಷ ಮೀನಿನ ಮದುವೆಯ ಕಾಲದಲ್ಲಿ ನಲವತ್ತು ಸಂಜೆ ಒಬ್ಬನೇ ದೋಣಿಯಲ್ಲಿ ಹೊಳೆಬಾಯಿಗೆ ಹೋಗಿ, ನೀರಿನ ಮೈಕು ಇಳಿಸಿ, ಇನ್ನೂರು ತಾಸು ಧ್ವನಿಮುದ್ರಣ ಮಾಡಿದ ಸಂಗತಿಯನ್ನು ನಾನು ವಿವರಿಸಿದೆ. ಒಂದು ಶಾರ್ಕು ದೋಣಿಗೆ ಮೈಯುಜ್ಜಿ ಹೋದದ್ದನ್ನೂ ಹೇಳಿದೆ.

"ಒಬ್ನೇ ಹೋದ್ಯಾ?" ಅತ್ತೆ ಹಿಂದಿನ ಬೆಂಚಿನಿಂದ ಕೇಳಿದರು. "ಯಾವ್ ದೋಣಿ ತಕಂಡ್ ಹೋದ್ದ್?"

"ನಿಮ್ಗ್ ಎಲ್ಲಾ ವಿಷಯನೂ ಹೇಳ್ಕಾ ಅತ್ತೆ?"

ಸಭೆ ನಕ್ಕಿತು. ಆ ಮೇಲೆ ಮುದ್ರಣ ಕೇಳಿಸಿದೆ. ಅಲ್ಲಿದ್ದ ಅರುವತ್ತು ಗಂಡಸರೂ ಒಂದೇ ಸಲಕ್ಕೆ ತಲೆಯಾಡಿಸಿದರು. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. "ಇದೇ, ಇದೇ! ಇದ್ ಕಲ್ಲೂರೇ ಮರ್ರೆ!" ಎಂದು ಕೂಗಿದರು. ಅತ್ತೆ ಮಾತ್ರ ತಲೆಯಾಡಿಸಲಿಲ್ಲ. ಎದ್ದು ಹೋದರು.

ಮುಚ್ಚಿಹೋಗಿದ್ದ ಐಸ್ ಪ್ಲಾಂಟಿನಲ್ಲಿ ನನ್ನ ನಿಯಂತ್ರಣ ಕೊಠಡಿ. ಅದರ ಮುಂದೆ ಉಪಗ್ರಹ ಹಾರಿಸುವವರ ಕೊಠಡಿ ಗೂಡಂಗಡಿ. ಮೂರು ಪರದೆ, ಛಾವಣಿಯ ಮೇಲೆ ಸೌರ ಫಲಕ, ಒಂದು ಕುರ್ಚಿ. ಮೂಲೆಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು, ಅದರಲ್ಲಿ ಹೊಳೆನೀರು, ನೀರಿನಲ್ಲಿ ಒಂದು ಮೈಕು. ಪರೀಕ್ಷೆಗೆಂದು ಇಟ್ಟದ್ದು, ಅದರ ಸುದ್ದಿ ಈಗ ಬೇಡ.

ದೀಪಾವಳಿಯ ಮರುದಿನ ಸಂಜೆ ಐದಕ್ಕೆ ಸ್ವರಬಲೆ ಹಾಡಿತು. ಐದರಿಂದ ಏಳು ಊರಿಗೆಲ್ಲ ಮೌನದ ಹೊತ್ತು ಎಂದು ಸಂಘ ಸಾರಿತ್ತು. ದೋಣಿಯ ಇಂಜಿನ್ ಬಂದ್, ಹೊಳೆಮೆಟ್ಟಿಲಲ್ಲಿ ಬಟ್ಟೆ ಒಗೆಯುವುದು ಬಂದ್. ಹೆಂಗಸರು ಬಾವಿಯ ಗಡಗಡೆಗೆ ಹಳೇ ಸೀರೆ ಸುತ್ತಿದರು. ಭಜನಾ ಮಂದಿರದ ತಾಳಗಳನ್ನು ನಾನೇ ಜಪ್ತಿ ಮಾಡಿದೆ. ಕೆಮ್ಮುವ ಮುದುಕರನ್ನು ಹಿಂದಿನ ಕೋಣೆಗೆ ಕಳಿಸಿದರು. ಒಬ್ಬರನ್ನೊಬ್ಬರು ಬೈಯಬೇಕಾದರೂ ಸನ್ನೆಯಲ್ಲಿ ಬೈಯುತ್ತಿದ್ದರು. ಕೈಸನ್ನೆಯ ಬೈಗುಳ ಬಾಯಿಯದಕ್ಕಿಂತ ಕೆಟ್ಟದ್ದು, ಹೊಡೆದಾಟಗಳು ಹೆಚ್ಚಾದವು.

ಸದ್ದಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಸರಿಯಾಗಿ ಐದಕ್ಕೆ ಅತ್ತೆ ಹೆರೆಮಣೆ ಹಾಕಿಕೊಂಡು ಕಾಯಿ ಹೆರೆಯಲು ಕೂರುತ್ತಿದ್ದರು. ಕರ್ರ್, ಕರ್ರ್, ಕರ್ರ್.

"ಅತ್ತೆ, ನಿಲ್ಸಿ. ಮೌನದ ಹೊತ್ತ್."

"ನನ್ನ್ ಮನಿ, ನನ್ನ್ ಕಾಯಿ. ನೀ ಯಾರ್ ಕೇಂಬುಕೆ?" ಎನ್ನುವರು. ಮರುಕ್ಷಣ ಜೇನಿನಂಥ ದನಿಯಲ್ಲಿ, "ಹ್ವಾಯ್ ಭೋಜ, ಮೀನ್ ಎಷ್ಟ್ ಹೊತ್ತಿಗ್ ಬತ್ತ್? ಮಸಾಲಿ ಅರ್ದ್ ಇಡ್ಲಾ?"

ಸುಗಂಧಿ ಒಲೆಯ ಮುಂದೆ ಬೆನ್ನು ತಿರುಗಿಸಿ ನಗುತ್ತಿದ್ದಳು. ಹೆಂಡತಿಯ ಬೆನ್ನು ನಗುವುದು ಹೇಗೆಂದು ಮದುವೆಯಾದವರಿಗೆ ಗೊತ್ತು.

ಮೊದಲ ದಿನ ಮೀನು ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಏಳನೆಯ ಸಂಜೆ ದೂಮಣ್ಣ ಐಸ್ ಪ್ಲಾಂಟಿನ ಬಾಗಿಲನ್ನು ಕಾಲಲ್ಲಿ ತೆರೆದ.

"ಭಾವ, ಬಲಿಯಗೆ ಒಂದ್ ಮೀನಿಲ್ಲ. ಮೊದ್ಲ್ ಹತ್ತಾರೂ ಸಿಕ್ತಿತ್ತ್, ಈಗ ಅದೂ ಇಲ್ಲ. ಎಂತ ಕಥಿ ಇದ್?"

ವಿಜ್ಞಾನಿಯ ಬಾಯಲ್ಲಿ "ಗೊತ್ತಿಲ್ಲ" ಎಂಬ ಮಾತು ಬರಬಾರದು. ನಾನು ಪರದೆ ನೋಡಿದೆ. ಗೆರೆಗಳ ನಡುವೆ ಒಂದು ಚಿಕ್ಕ ಮುಳ್ಳು ಎದ್ದಿತ್ತು. ಕಿಟಕಿಯಾಚೆ ಹೊಳೆಯಲ್ಲಿ ಅತ್ತೆಯ ಪಾತಿದೋಣಿ. ಕಾಯಿ ಹೆರೆದು ಮುಗಿಸಿ ಬಂದು ಹುಟ್ಟಿಗೆ ಕಿವಿಕೊಟ್ಟು ಕುಳಿತಿದ್ದರು.

"ಕಾಣಿ ಭಾವ," ಎಂದೆ, ಮುಳ್ಳಿನ ಮೇಲೆ ಬೆರಳಿಟ್ಟು. "ನಿಮ್ಮಮ್ಮನ ಹುಟ್ಟ್ ನೀರಿಗ್ ಬಡುದ್. ಸಾವಿರ ಮೀನಿನ ಮೇಳದ ನಡುವೆ ಅಪಸ್ವರ. ಹೆಣ್ಣ್ ಮೀನ್ ಹೆದ್ರಿ ಓಡ್ತಿತ್ತ್."

ಆ ಮುಳ್ಳು ನನ್ನ ಸ್ವಂತ ಕುರ್ಚಿ ಕಿರುಗುಟ್ಟಿದ್ದು. ಅದು ನನಗೆ ಆಗಲೂ ಗೊತ್ತಿತ್ತು.

ಮರುದಿನ ಸಂಘದಲ್ಲಿ ತೀರ್ಮಾನವಾಯಿತು. ಸಂಕ್ರಾಂತಿಯವರೆಗೆ ಅಕ್ಕಣಿ ಹೊಳೆಗಿಳಿಯಬಾರದು. ಹುಟ್ಟಿಗೆ ಕಿವಿಕೊಡುವುದಕ್ಕೆ ಮಾತ್ರವಲ್ಲ, ಹೊಳೆಯಲ್ಲಿ ಮಳಿ ಹೆಕ್ಕುವುದಕ್ಕೂ ಇಲ್ಲ. ಮಳಿ ಎಂದರೆ ಕೆಸರಿನ ಚಿಪ್ಪು, ಅದನ್ನು ಮಾರಿದ ಕೈಯಿಂದಲೇ ಅವರು ಗಂಡ ಸತ್ತ ಮೇಲೆ ಇಬ್ಬರು ಮಕ್ಕಳನ್ನು ಸಾಕಿದ್ದು. ತೀರ್ಮಾನ ಹೇಳಲು ದೂಮಣ್ಣನೇ ಮನೆಗೆ ಬಂದ, ಅಂಗಳದಲ್ಲೇ ನಿಂತ.

"ಅಮ್ಮಾ, ಇನ್ ನೀ ಹೊಳಿಗ್ ಹೋಪುಕಾಗ."

"ಯಾರ್ ಹೇಳದ್ದ್? ಸಂಘವಾ, ಮಿಷನ್ನಾ?"

"ಎರಡೂ."

ಅತ್ತೆ ನನ್ನ ಕಡೆ ನೋಡಲೇ ಇಲ್ಲ. ನೋಡಿ ನಾಲ್ಕು ಬೈದಿದ್ದರೆ ಚೆನ್ನಾಗಿತ್ತು. ಹುಟ್ಟನ್ನು ಒಳಗೆ ತಂದು, ಮಾಡಿನ ಜಂತಿಗೆ ಸಿಕ್ಕಿಸಿ, ಕೈ ತೊಳೆದರು. ಅಂದಿನಿಂದ ಕಾಯಿ ಹೆರೆಯುವುದೂ ನಿಂತಿತು. ಜನ ಮನೆಯ ಮುಂದೆ ಹೋಗುವಾಗ, "ಈ ಮುದ್ಕಿಂದ ಊರಿಗ್ ಅನ್ನ ಇಲ್ದೆ ಆಯ್ತ್," ಎಂದು ಗಟ್ಟಿಯಾಗಿಯೇ ಹೇಳಿ ಹೋಗುತ್ತಿದ್ದರು. ಯಾರೋ ಪಾತಿದೋಣಿಯ ತಳಕ್ಕೆ ಕೊಡಲಿ ಹಾಕಿದರು. ಸುಗಂಧಿ ನನ್ನ ಜೊತೆ ಮಾತು ಬಿಟ್ಟಳು. ತಟ್ಟೆ ಇಡುವಾಗ ಒಂದೇ ಒಂದು ಸಲ ಕೇಳಿದಳು: "ನಿಮ್ಗ್ ನಿಜಕ್ಕೂ ಗೊತ್ತಿತ್ತಾ, ಅಮ್ಮನ ಹುಟ್ಟೇ ಅಂದೇಳಿ?"

"ವಿಜ್ಞಾನ ಸುಗಂಧಿ. ಅದ್ ಸುಳ್ಳ್ ಹೇಳುದಿಲ್ಲ."

ತಟ್ಟೆಯಲ್ಲಿ ಗಂಜಿ ಮತ್ತು ಉಪ್ಪಿನಕಾಯಿ. ಊರಿನ ಎಲ್ಲ ತಟ್ಟೆಗಳಲ್ಲೂ ಅದೇ.

ನಾನು ಸ್ಪೀಕರುಗಳ ದನಿ ಏರಿಸಿದೆ. ಮೀನಿಗೆ ಕೇಳಿಸದಿದ್ದರೆ ಜೋರಾಗಿ ಹೇಳಬೇಕು, ಅಲ್ಲವೇ? ಹನ್ನೆರಡನೆಯ ದಿನಕ್ಕೆ ಹೊಳೆಬಾಯಿಯ ಏಡಿಗಳೂ ಕಾಣೆಯಾದವು. ಹದಿನೈದಕ್ಕೆ ಸಂಘದವರು ಐಸ್ ಪ್ಲಾಂಟಿನ ಬಾಗಿಲಲ್ಲಿ ಇಬ್ಬರನ್ನು ಕೂರಿಸಿದರು. ನನ್ನ ರಕ್ಷಣೆಗೆ ಎಂದು ನಾನು ತಿಳಿದೆ. ನಾನು ಓಡಿಹೋಗದಂತೆ ಎಂದು ಆಮೇಲೆ ತಿಳಿಯಿತು.

ಹದಿನೆಂಟನೆಯ ಸಂಜೆ ಅತ್ತೆ ಬಂದರು. ಕಾವಲಿನವರು ತಡೆದರೆ, "ಹೊಳಿಗ್ ಹೋಪುಕಾಗ ಅಂದದ್ದ್, ಐಸ್ ಪ್ಲಾಂಟಿಗಲ್ಲ," ಎಂದು ಸೊಂಟದ ಕೊಡಪಾನದಿಂದಲೇ ದಾರಿ ಮಾಡಿಕೊಂಡರು. ಹಿಂದೆ ಸುಗಂಧಿ, ಅವಳ ಹಿಂದೆ ದೂಮಣ್ಣ, ಬಾಗಿಲ ತುಂಬ ಜನ. ಕೊಡಪಾನದ ನೀರಿನಲ್ಲಿ ಒಂದು ಜೀವಂತ ಕಲ್ಲೂರು ಸುತ್ತುತ್ತಿತ್ತು. ಆರು ಮೈಲಿ ನಡೆದು ತೆಂಕಣ ಹೊಳೆಯವರ ಕೈಯಿಂದ ಬೇಡಿ ತಂದಿದ್ದರಂತೆ.

"ನಿನ್ ಪೆಟ್ಟಿಗಿ ಮೀನಿನ ಸ್ವರ ಹಿಡೀತ್ತ್ ಅಂದೇಳಿ ಹೇಳ್ದ್ಯಲಾ," ಎಂದರು. "ಹಿಡ್ದ್ ತೋರ್ಸ್ ಕಾಂಬ."

"ಹೌದ್ ಅತ್ತೆ. ಪ್ರಪಂಚದಲ್ಲಿ ಎಲ್ಲೂ ಇಲ್ಲ ಇಂಥಾದ್ದ್. ಮೂಲ ಕರೆಗೂ ಹೊಸ ಸದ್ದಿಗೂ ಎಷ್ಟ್ ಹೊಂದಿಕೆ ಅಂತ ಲೆಕ್ಕ ಹಾಕಿ ಹೇಳ್ತ್." ನನಗೆ ಹೆಮ್ಮೆ ಬಂದರೆ ಬುದ್ಧಿ ಬಾಗಿಲಾಚೆ ಹೋಗಿ ನಿಲ್ಲುತ್ತದೆ. ಡ್ರಮ್ಮಿನ ಮೈಕನ್ನು ಪರದೆಗೆ ಜೋಡಿಸಿದೆ.

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೀನನ್ನು ನಡುವಿನಲ್ಲಿ ಹಿಡಿದು ನೀಲಿ ಡ್ರಮ್ಮಿನೊಳಗೆ ಮುಳುಗಿಸಿದರು. ಬಿಗಿಯಾಗಿ ಹಿಸುಕಿದರು. ಮೀನು ಕೂಗಿತು. ಗುರ್ರ್ಗುರ್ಗುರ್ರ್ರ್. ಪರದೆಯ ಮೇಲೆ ಹಸಿರು ಅಂಕಿ ಏರಿತು. ಅರುವತ್ತು, ಎಂಬತ್ತು. ನೂರಕ್ಕೆ ತೊಂಬತ್ತೊಂಬತ್ತಕ್ಕೆ ನಿಂತಿತು.

"ಕಂಡ್ರ್ಯಾ!" ಎಂದೆ ಜನರ ಕಡೆ ತಿರುಗಿ. "ತೊಂಬತ್ತೊಂಬತ್ತ್! ನನ್ನ ಮುದ್ರಣ ಅಷ್ಟ್ ಶುದ್ಧ!"

ಜನ ಮತ್ತೆ ತಲೆಯಾಡಿಸಿದರು. ಅತ್ತೆ ಕೈ ತೆಗೆಯಲಿಲ್ಲ.

"ದೂಮಾ," ಎಂದು ಮಗನನ್ನು ಕೇಳಿದರು, "ನನ್ನ ಕೈಯಗೆ ಇಪ್ಪು ಈ ಮೀನ್ ಮದಿ ದಿಬ್ಬಣ ಹೊರ್ಟದ್ದಾ?"

ಹೊರಗೆ ನಲವತ್ತು ಸ್ಪೀಕರುಗಳು ಹಾಡುತ್ತಿದ್ದವು.

"ನೀವೆಲ್ಲ ಕಲ್ಲೂರಿನ ಸ್ವರ ಎಲ್ಲಿ ಕೇಂಡದ್ದ್? ಬಲಿಯಗೆ ಸಿಕ್ಕಿ ಬಿದ್ದಾಗ, ದೋಣಿ ಹಲ್ಗಿ ಮೇಲೆ ಹೊರ್ಳಾಡ್ವಾಗ. ಅದ್ ಕರೂದಲ್ಲ. ಮರ್ಕುದ್." ಮರ್ಕುವುದೆಂದರೆ ನಮ್ಮ ಕಡೆ ಅಳುವುದು. "ನೀರಗೆ ಕರೂ ಮೀನ್ ಹೀಂಗ್ ಗಡಿಬಿಡಿ ಮಾಡುದಿಲ್ಲ. ಒಂದ್ ಬಡೀತ್, ನಿಲ್ತ್, ಕೇಣ್ತ್. ಮತ್ತ್ ಬಡೀತ್. ಬಾಗ್ಲ್ ತಟ್ಟದ್ ಹಾಂಗೆ. ಹದಿನೆಂಟ್ ದಿನ ನೀವ್ ಹೊಳಿಗೆ ಸಾಯೂ ಮೀನಿನ ಕೂಗ್ ಹಾಕಿರಿ. ಯಾವ್ ಹೆಣ್ಣ್ ಬತ್ತ್ ಆ ಮನಿಗೆ?"

ದೂಮಣ್ಣ ಪರದೆಯನ್ನು ನೋಡಿದ, ಡ್ರಮ್ಮನ್ನು ನೋಡಿದ, ನನ್ನನ್ನು ನೋಡಿದ.

"ಭಾವ, ನಲ್ವತ್ ಸಂಜಿ ಎಲ್ಲಿ ರೆಕಾರ್ಡ್ ಮಾಡದ್ದ್?"

"ಹೊಳೆಬಾಯಲ್ಲಿ. ಕಲ್ಲುಗೋಡೆಯಿಂದ ನೂರ್ ಮಾರ್ ಆಚೆ. ಶಾರ್ಕ್..."

"ಬಾ. ಜಾಗ ತೋರ್ಸ್."

ರಟ್ಟೆ ಹಿಡಿದು ಹೊಳೆಮೆಟ್ಟಿಲಿಗೆ ಎಳೆದೊಯ್ದ. ದೋಣಿ ಕಟ್ಟಿತ್ತು. ಕೊನೆಯ ಮೆಟ್ಟಿಲಿನಿಂದ ದೋಣಿಗೆ ಒಂದು ಹೆಜ್ಜೆ, ಅದರ ಕೆಳಗೆ ಮೊಣಕಾಲಿನಷ್ಟು ನೀರು. ಇನ್ನೂರು ಮನೆಯವರು ದಂಡೆಯ ಮೇಲೆ ನಿಂತಿದ್ದರು. ನಾನು ಕಾಲೆತ್ತಿದೆ. ಕಾಲು ಮುಂದೆ ಹೋಗಲಿಲ್ಲ. ಇನ್ನೊಂದು ಎತ್ತಿದೆ, ಅದೂ ಇಲ್ಲ. ಕೊನೆಗೆ ಮೆಟ್ಟಿಲಿನ ಮೇಲೇ ಕುಕ್ಕರಿಸಿ ಅದರ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಅಯ್ಯಯ್ಯೋ," ಎಂದು ದಂಡೆಯಿಂದ ಯಾರೋ ಹೆಂಗಸು. "ಇವ್ನಿಗ್ ನೀರ್ ಕಂಡ್ರೆ ಹೆದ್ರಿಕೆ!"

ನಗು ಏಳಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಒಬ್ಬ ಕಲ್ಲು ಎತ್ತಿಕೊಂಡ.

ಹೌದು. ಮರಕಾಲರ ಮನೆಯಲ್ಲಿ ಹುಟ್ಟಿ, ನಲವತ್ತಾರು ವರ್ಷ ಹೊಳೆಯ ಪಕ್ಕದಲ್ಲಿ ಬದುಕಿ, ನನಗೆ ಈಜು ಬರುವುದಿಲ್ಲ. ಮೊಣಕಾಲಿನಷ್ಟು ನೀರಿಗೂ ಹೆದರುತ್ತೇನೆ. ಇದಕ್ಕೆ ಕಾರಣವೇನೂ ಇಲ್ಲ. ಇದ್ದಿದ್ದರೆ ಅದನ್ನೇ ಬೆಳೆಸಿ ನಿಮಗೆ ಹೇಳುತ್ತಿದ್ದೆ. ನಲವತ್ತು ಸಂಜೆ ಎಂದದ್ದು ಒಂದು ಮಧ್ಯಾಹ್ನ. ಇನ್ನೂರು ತಾಸು ಎಂದದ್ದು ಹನ್ನೊಂದು ನಿಮಿಷ. ದೋಣಿಗಳು ಮೀನಿಳಿಸುವ ದಕ್ಕೆಯಲ್ಲಿ ಇನ್ನೂ ಜೀವವಿದ್ದ ಆರು ಕಲ್ಲೂರು ಕೊಂಡು, ನೀಲಿ ಡ್ರಮ್ಮಿಗೆ ಹಾಕಿ, ಒಂದೊಂದನ್ನೇ ಹಿಸುಕಿ ಕೂಗಿಸಿದೆ. ಅದೇ ಗಾಳಿಚೀಲ, ಅದೇ ಸ್ನಾಯು. ಸದ್ದು ಸದ್ದೇ ಅಲ್ಲವೇ ಎಂದುಕೊಂಡೆ. ಸಂಜೆಗೆ ಆರನ್ನೂ ಗಸಿ ಮಾಡಿಸಿ ತಿಂದೆ. ಇದನ್ನೆಲ್ಲ ಆ ಮೆಟ್ಟಿಲಿನ ಮೇಲೆ ಕೂತು ಹೇಳಿದೆ. ಕುರ್ಚಿ ಕಿರುಗುಟ್ಟಿದ್ದನ್ನೂ ಹೇಳಿದೆ. ಅದನ್ನು ಹೇಳುವಾಗ ದೂಮಣ್ಣ ಮುಖ ಮುಚ್ಚಿಕೊಂಡ. ಕಲ್ಲು ಹಿಡಿದವನ ಕೈಯನ್ನು ಹಿಡಿದು ನಿಲ್ಲಿಸಿದ್ದು ಅತ್ತೆ.

"ಹೊಡಿಬೇಡ. ಇವ ನಲ್ವತ್ ಸಂಜಿ ಹೊಳಿಯಗೆ ಕೂತಿದ್ದೆ ಅಂದಿದ್ದ. ಕೂರ್ಲಿ."

ಅವತ್ತೇ ಸ್ಪೀಕರುಗಳನ್ನು ಕಿತ್ತರು. ದೂಮಣ್ಣ ಮೂರು ದಿನ ಕೂತು ತಾಯಿಯ ದೋಣಿಯ ತಳಕ್ಕೆ ಹಲಗೆ ಬಡಿದು ಕೊಟ್ಟ, ಅವರು ಆ ಮೂರು ದಿನವೂ ಅವನ ಜೊತೆ ಮಾತಾಡಲಿಲ್ಲ. ಆ ಮೇಲೆ ದಿನಾ ಸಂಜೆ ನನ್ನನ್ನು ಮೂಟೆಯ ಹಾಗೆ ದೋಣಿಗೆ ಎತ್ತಿ ಹಾಕುತ್ತಾರೆ. ಮೊದಲ ವಾರ ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಅತ್ತೆ ಹೊಳೆಬಾಯಿಯಲ್ಲಿ ದೋಣಿ ನಿಲ್ಲಿಸಿ, ಜಂತಿಯಿಂದ ಇಳಿಸಿದ ಹುಟ್ಟನ್ನು ನೀರಿಗಿಟ್ಟು ಹಿಡಿಯನ್ನು ನನ್ನ ಕಿವಿಗೆ ಒತ್ತುತ್ತಾರೆ. ಮರ ತಣ್ಣಗಿರುತ್ತದೆ. ನೀರು ಸರಿಯುವುದು ಕೇಳುತ್ತದೆ, ಮರಳು ಉರುಳುವುದು ಕೇಳುತ್ತದೆ. ದಂಡೆಯಲ್ಲಿ ಜನ ಕಾದು ನಿಂತಿರುತ್ತಾರೆ. ನಾನು "ಕೇಳಿತು" ಎಂದರೆ ಊರಿಗೆ ಜೀವ ಬರುತ್ತದೆ, ನನಗೆ ಈ ದೋಣಿಯಿಂದ ಬಿಡುಗಡೆ. ಆ ಒಂದು ಮಾತು ಪ್ರತಿ ಸಂಜೆ ನನ್ನ ನಾಲಿಗೆಯ ತುದಿಗೆ ಬಂದು ಕೂರುತ್ತದೆ.

"ಕೇಂತಾ?" ಎಂದು ಅತ್ತೆ ಕೇಳುತ್ತಾರೆ.

"ಇಲ್ಲ ಅತ್ತೆ."

ಆಗ ಅವರು ಹುಟ್ಟನ್ನು ಕಿತ್ತುಕೊಂಡು ತಾವೇ ಕೇಳುತ್ತಾರೆ, ನಾನು ಸುಳ್ಳು ಹೇಳಿದೆನೋ ಎಂದು. ಮೂವತ್ತೆಂಟು ಸಂಜೆ ಹೀಗೇ ನಡೆಯಿತು. ನಿನ್ನೆ ಮೂವತ್ತೊಂಬತ್ತನೆಯದು, ಸಂಕ್ರಾಂತಿಗೆ ಒಂಬತ್ತು ದಿನ. ನಾನು "ಇಲ್ಲ" ಎಂದೆ. ಅತ್ತೆ ಹುಟ್ಟಿಗೆ ಕೈ ಹಾಕಲಿಲ್ಲ. ದೋಣಿ ತಿರುಗಿಸುತ್ತ, "ನಾಳೆಗೂ ಬಾ," ಎಂದರು. "ಸಂಕ್ರಾಂತಿ ತನ್ಕ ಬಾ. ನಲ್ವತ್ತಕ್ಕೆ ಬಿಡ್ತೆ ಅಂದೇಳಿ ಎಣ್ಸಿದ್ಯಾ?"

ಎಪ್ಪತ್ತು ಸಾವಿರ ಎಂದಿದ್ದೆನಲ್ಲ. ಇವತ್ತಿನವರೆಗೆ ಒಂದೂ ಬಂದಿಲ್ಲ.